ಮುನೇಶ್ವರನ ಬೆನ್ನ ಹಿಂದಿನ ಆರು ಲೋಕ

ನೆನೆಸಿದ ಅವರೆಕಾಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಮೆತ್ತಗೆ ಒತ್ತಿದರೆ ಬೇಳೆ ಚಂಗನೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಹಾರಿದ ಬೇಳೆ ಪಾತ್ರೆಗೆ ಬೀಳಬೇಕು ಎನ್ನುವುದು ಲೋಕದ ನಿಯಮ. ನಾನು ಒತ್ತಿದ್ದು ಮಾತ್ರ ಅರ್ಧಕ್ಕರ್ಧ ಎದುರಿಗೆ ಕೂತ ನಮ್ಮತ್ತೆಯ ಮಡಿಲಿಗೆ ಬೀಳುತ್ತದೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಗುರಿ ಸುಧಾರಿಸಿಲ್ಲ, ಅವರ ಮಾತೂ ಬದಲಾಗಿಲ್ಲ. "ಏನಮ್ಮಿ, ನನ್ ಮ್ಯಾಲೇನಾರ ಸಿಟ್ಟಿದ್ರೆ ಬಾಯಲ್ಲಿ ಏಳು, ಕಾಳಲ್ಲಿ ಒಡೀಬ್ಯಾಡ."

ಮೊನ್ನೆ ಭಾನುವಾರವೂ ಹೀಗೇ ಕೂತಿದ್ದೆವು. ಧನುರ್ಮಾಸದ ಬೆಳಗಿನ ಪೂಜೆ ಮುಗಿದು, ಹುಗ್ಗಿಯ ನೈವೇದ್ಯವಾಗಿ, ಹಾಲು ಒಡೆಯದೆ ಕರೆಂಟು ಹೋಗದೆ ಬೆಳಗು ಸುಸೂತ್ರವಾಗಿ ಕಳೆದಿತ್ತು. ಇಂಥವನ್ನೆಲ್ಲ ನಾನು ದೇವರ ಲೆಕ್ಕಕ್ಕೇ ಬರೆಯುತ್ತೇನೆ. ಸೊಗಡವರೆಯ ವಾಸನೆ ನಡುಮನೆಯನ್ನೆಲ್ಲ ತುಂಬಿತ್ತು. ಆಗ ಒಳಕೋಣೆಯಿಂದ ನನ್ನ ಮಗಳು ಚೈತ್ರ ಕೂಗಿದಳು.

"ಅಮ್ಮಾ! ಬಂದವ್ರೆ! ಯಾರೋ ಬಂದವ್ರೆ!"

ನಾನು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದೆ. ಹೊಸಿಲ ಮೇಲೆ ಒಂದು ಕೋಳಿ ನಿಂತಿತ್ತೇ ಹೊರತು ಮನುಷ್ಯರ ಸುಳಿವಿಲ್ಲ. ಆದರೂ ಕಾಫಿಗೆ ಹಾಲು ಸಾಲುತ್ತದೆಯೇ ಎಂದು ಮನಸ್ಸು ಆಗಲೇ ಅಡುಗೆಮನೆಗೆ ಓಡಿತ್ತು.

"ಎಲ್ಲವ್ರೆ ಮಗಾ?"

"ಬಾಗ್ಲಿಗಲ್ಲ ಕಣಮ್ಮ, ಆಟಕ್ಕೆ! ನಮ್ಮ ಆಟಕ್ಕೆ ಯಾರೋ ಬಂದವ್ರೆ! ನೆಂಟ್ರಲ್ಲ!"

ನೆಂಟರಲ್ಲ ಎಂಬ ಮಾತಿಗೆ ಎದ್ದು ಕುಣಿಯುವ ಮನೆ ಈ ಸೀಮೆಯಲ್ಲಿ ನಮ್ಮದೊಂದೇ ಇರಬೇಕು. ನೀವು ನಗಬಹುದು. ನಗುವ ಮೊದಲು ಒಂದು ಹಿಡಿ ಕಾಳು ತೆಗೆದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. ಕೈ ಕೆಲಸ ಮಾಡುತ್ತಿರಲಿ. ಆ ಹೊಸಬರು ಯಾರು, ಅವರನ್ನು ಕಂಡು ನಾವೇಕೆ ಅಷ್ಟು ಹಿಗ್ಗಿದೆವು, ಹಿಗ್ಗಿದ ಮರುಕ್ಷಣವೇ ಏಕೆ ಹೆದರಿದೆವು ಎನ್ನುವುದನ್ನು ಮೊದಲಿಂದ ಹೇಳುತ್ತೇನೆ.

ಚೈತ್ರ ಮತ್ತು ನಾಗಶ್ರೀ ಮಂಡ್ಯದ ಒಂದೇ ಕಾಲೇಜಿನಲ್ಲಿ ಕಂಪ್ಯೂಟರು ಓದಿದವರು. ನಾಗಶ್ರೀ ನನ್ನ ಅಣ್ಣನ ಮಗಳು, ಮಳವಳ್ಳಿ ಕಡೆಯ ಹಳ್ಳಿಯವಳು. ಆಚೆ ವರ್ಷ ಗೌರಿ ಹಬ್ಬಕ್ಕೆ ಅವಳು ನಮ್ಮ ಕೊತ್ತತ್ತಿಯ ಮನೆಗೆ ಬಂದಿದ್ದಳು. ನಾನು ಬಾಗಿನದ ಮೊರಕ್ಕೆ ಅರಿಶಿನ ಬಳಿಯುತ್ತಿದ್ದಾಗ ಇಬ್ಬರೂ ನನ್ನ ಮುಂದೆ ಕೈಕಟ್ಟಿ ನಿಂತರು. ಹಾಗೆ ನಿಂತರೆ ಏನೋ ಕೇಳುತ್ತಾರೆ ಎಂದೇ ಅರ್ಥ.

"ಅತ್ತೆ, ನಾವೊಂದು ಆಟ ಮಾಡ್ತೀವಿ," ಎಂದಳು ನಾಗಶ್ರೀ.

"ಮಾಡ್ರವ್ವ, ಹಬ್ಬದ ದಿನ ಆಡ್ದೆ ಇನ್ಯಾವಾಗ ಆಡೀರಿ," ಎಂದೆ. ಚೌಕಾಬಾರವೋ ಅಳಗುಳಿಮಣೆಯೋ ಎಂದುಕೊಂಡಿದ್ದೆ.

ಅಲ್ಲವಂತೆ. ಅದು ಆನ್‌ಲೈನ್ ಆಟ. ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ತಮ್ಮ ತಮ್ಮ ಫೋನಿನಿಂದಲೇ ಅದರೊಳಗೆ ಬಂದು ಓಡಾಡಬಹುದು, ಮನೆ ಕಟ್ಟಬಹುದು, ಕತ್ತಿ ಹಿಡಿದು ಕಾದಾಡಬಹುದು. ಅದರಲ್ಲಿ ಏಳು ಲೋಕಗಳು. ಲೋಕ ಲೋಕಕ್ಕೂ ನೂರಾರು ಊರುಗಳು. ಏಕಕಾಲಕ್ಕೆ ಒಂದು ಲಕ್ಷ ಜನ ಆಡಬೇಕು. ಇಷ್ಟು ಜನಕ್ಕೆ ಅಡುಗೆ ಮಾಡುವವರು ಯಾರು ಎಂಬುದೇ ನನಗೆ ಬಂದ ಮೊದಲ ಯೋಚನೆ.

ಇದಕ್ಕೆ ಮುಂಚೆ ಇವರಿಬ್ಬರೂ ಎಷ್ಟು ಆಟ ಮಾಡಿದ್ದರು ಎಂದು ಕೇಳಬೇಡಿ. ಕೇಳಿದವರಿಗೆಲ್ಲ "ಇದೇ ಮೊದಲ್ನೇದು" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಏಳು ಲೋಕ ಹಿಡಿಸುವಷ್ಟು ದೊಡ್ಡ ಕಾಗದ ಮನೆಯಲ್ಲಿರಲಿಲ್ಲವಾದ್ದರಿಂದ ನನ್ನ ರಂಗೋಲಿ ಡಬ್ಬವನ್ನೇ ಖಾಲಿ ಮಾಡಿ, ಸಾರಿಸಿದ ಅಂಗಳದ ತುಂಬ ನಕ್ಷೆ ಬರೆದರು. ಅಗ್ನಿಲೋಕಕ್ಕೆ ಕುಂಕುಮ, ಸುವರ್ಣಲೋಕಕ್ಕೆ ಅರಿಶಿನ. ಬೀದಿಯಲ್ಲಿ ಹೋಗುವವರೆಲ್ಲ, "ಏನವ್ವ ಈ ಸಲ ಗೌರಿಗೆ ಇಷ್ಟು ದೊಡ್ಡ ರಂಗೋಲಿ!" ಎಂದು ಹೊಗಳಿ ಹೋದರು. ಸಂಜೆ ಮೇವು ಮುಗಿಸಿ ಬಂದ ನಮ್ಮ ಎಮ್ಮೆ ಮೂರನೆಯ ಲೋಕವನ್ನು ತುಳಿದು, ಐದನೆಯ ಲೋಕದಲ್ಲಿ ಸಗಣಿ ಹಾಕಿ ಕೊಟ್ಟಿಗೆಗೆ ಹೋಯಿತು. ಹುಡುಗಿಯರು ಅದನ್ನೂ ಬಿಡಲಿಲ್ಲ. ಅಲ್ಲೊಂದು ಬೆಟ್ಟ ಇರಲಿ ಎಂದು ತೀರ್ಮಾನಿಸಿದರು.

ಕಾಲೇಜಿನಲ್ಲಿ ಇವರಿಗೆ ಪಾಠ ಮಾಡಿದ ಮೇಡಂ ಒಬ್ಬರಿಗೆ ಈ ಯೋಜನೆಯನ್ನು ಹೇಳಿದರಂತೆ. ಆಕೆ ಪೂರ್ತಿ ಕೇಳಿಸಿಕೊಂಡು, "ಮೊದಲು ಗೋಡೆಗೆ ಬಡಿದು ವಾಪಸ್ಸು ಬರೋ ಒಂದು ಚೆಂಡು ಮಾಡಿ. ಅದು ಸರಿಯಾಗಿ ವಾಪಸ್ಸು ಬಂದ ಮೇಲೆ ಲೋಕದ ಮಾತಾಡೋಣ," ಎಂದರಂತೆ. ಚೈತ್ರ ಮನೆಗೆ ಬಂದವಳೇ ಬ್ಯಾಗು ಎಸೆದಳು. "ಚೆಂಡಂತೆ! ನಮ್ಮನ್ನೇನು ಮಕ್ಕಳು ಅಂದ್ಕೊಂಡವ್ರಾ?"

ಬುದ್ಧಿ ಹೇಳಬೇಕು ಎಂದು ನನಗೂ ಬಾಯಿ ತುರಿಸಿತು. ಆದರೆ ನಾನೇ ಹೊಸ ಸೊಸೆಯಾಗಿ ಬಂದಾಗ, ನಮ್ಮತ್ತೆ "ಒಂದ್ ಬೇಳೆಸಾರು ಮಾಡ್ಬುಡು ಸಾಕು" ಎಂದರೂ ಕೇಳದೆ, ಇಡೀ ಬೀದಿಗೆ ಆಗುವಷ್ಟು ಒಬ್ಬಟ್ಟು ತಟ್ಟಲು ಕೂತವಳು. ಕಾಗದದಷ್ಟು ತೆಳ್ಳಗೆ ಬರಲಿ ಎಂದು ತಟ್ಟಿದ್ದೇ ತಟ್ಟಿದ್ದು. ಹೂರಣ ಒಂದು ದಿಕ್ಕಿಗೆ, ಕಣಕ ಇನ್ನೊಂದು ದಿಕ್ಕಿಗೆ ಹೋಗಿ, ಕೊನೆಗೆ ಎಲ್ಲವನ್ನೂ ಪಾತ್ರೆಗೆ ಸುರಿದು ಪಾಯಸ ಎಂದು ಬಡಿಸಿದ್ದಾಯಿತು. ಅದಕ್ಕೇ ಬಾಯಿ ಮುಚ್ಚಿಕೊಂಡು ನನ್ನ ಕೆಲಸ ನೋಡಿಕೊಂಡೆ.

ಸಂಕ್ರಾಂತಿಯೂ ಯುಗಾದಿಯೂ ಕಳೆದ ಮೇಲೆ ಮೊದಲ ಲೋಕದ ಮೊದಲ ಊರು ಕಣ್ಣಿಗೆ ಕಾಣುವಂತಾಯಿತು. ಹಸಿರು ಬಯಲು, ಹಂಚಿನ ಮನೆಗಳು, ನಡುವೆ ಒಂದು ಅರಳಿಕಟ್ಟೆ. ಗದ್ದೆಯಿಂದ ಆಗತಾನೆ ಬಂದ ನಮ್ಮ ಯಜಮಾನರನ್ನು ಕರೆದು ತೋರಿಸಿದರು. ಕಾಲಿನ ಕೆಸರೂ ತೊಳೆಯದೆ ಬಗ್ಗಿ ನೋಡಿದ ಇವರು, "ನೀರೆಲ್ಲಿಂದ ಬತ್ತದೆ ಮಗಾ?" ಎಂದರು.

"ಅಪ್ಪಾ, ಇದು ಮಾಯಾಲೋಕ ಕಣಪ್ಪ. ನೀರು ಗೀರು ಬೇಕಾಗಿಲ್ಲ."

"ಮಾಯಾಲೋಕ್ದೋರು ಉಣ್ಣಕಿಲ್ವಾ? ಬಯಲೆಲ್ಲ ಅಸುರಾಗದೆ. ನಾಲೆ ಇಲ್ಲ, ತೂಬಿಲ್ಲ, ಒಂದ್ ಕಟ್ಟೆ ಇಲ್ಲ. ಯಾರ್ ನಂಬ್ತಾರವ್ವ ಇದ್ನ?"

ಅಷ್ಟೇ. ಉಳಿದ ಆರು ಲೋಕ ನಿಂತಲ್ಲೇ ನಿಂತವು. ನಾಲೆ ತೋಡುವ ಕೆಲಸ ಶುರುವಾಯಿತು. ಅಯ್ಯೋ, ಆ ನಾಲೆಯ ಕಥೆ ಏನು ಕೇಳುತ್ತೀರಿ! ಒಂದು ದಿನ ನೀರು ದಿಬ್ಬ ಹತ್ತಿತು. ಇನ್ನೊಂದು ದಿನ ಗೋಡೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಮತ್ತೊಂದು ದಿನ ಹಂಚಿನ ಮನೆಗಳ ಒಳಗೆ ನುಗ್ಗಿ ಕಿಟಕಿಯಿಂದ ಆಚೆ ಬಂತು. ಇವರು ಪ್ರತಿ ಸಂಜೆ ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಮಗಳ ಹಿಂದೆ ಕುರ್ಚಿ ಹಾಕಿಕೊಂಡು ಕೂತು, "ಇಳಿಜಾರು ಸಾಲ್ದು ಕಣವ್ವ, ಇನ್ನೊಸಿ ತಗ್ಗಿಸು," ಎಂದು ಉಸ್ತುವಾರಿ ಮಾಡುತ್ತಿದ್ದರು.

ನಾಲೆ ಬಂದ ಮೇಲೆ ನಾಲೆಯ ಕೊನೆಯೂ ಬರಬೇಕಲ್ಲ. ಅದನ್ನು ನಾಗಶ್ರೀ ಹಟ ಹಿಡಿದು ಮಾಡಿದಳು. ನಮ್ಮ ಕಡೆಯ ನಾಲೆ ನೀರು ಇಲ್ಲಿ ಗದ್ದೆ ಕಬ್ಬು ಎಲ್ಲ ಕುಡಿದು ಮಿಕ್ಕಿದರೆ ಮದ್ದೂರು ದಾಟಿ ಮಳವಳ್ಳಿ ಕಡೆಗೆ ಹೋಗುತ್ತದೆ. ನನ್ನ ಗಂಡನ ಮನೆ ಮೇಲ್ಭಾಗ, ತವರು ಕೊನೆಯ ಭಾಗ. ನನ್ನ ಮದುವೆ ಮಾತುಕತೆಯಲ್ಲಿ ನಮ್ಮಪ್ಪ, "ಎಣ್ಣು ಕೊಡ್ತೀವಿ, ನೀವು ನೀರಾದ್ರೂ ಬುಡ್ರಪ್ಪ," ಎಂದಿದ್ದರಂತೆ. ಹೆಣ್ಣು ಬಂತು, ನೀರು ಹೋಗಲಿಲ್ಲ ಎಂದು ನಮ್ಮಣ್ಣ ಇವತ್ತಿಗೂ ಹಬ್ಬಕ್ಕೆ ಬಂದಾಗಲೆಲ್ಲ ಊಟದೆಲೆಯ ಮುಂದೆ ಚುಚ್ಚುತ್ತಾನೆ.

ಊರಾಯಿತು, ನಾಲೆಯಾಯಿತು, ಆಡಿ ನೋಡಲು ಜನ ಬೇಕಲ್ಲ. ಸಿಕ್ಕಿದವರು ನಾವೇ. ನನಗೂ ಒಂದು ಬೊಂಬೆ ಕೊಟ್ಟರು. ಫೋನಿನೊಳಗೆ ನನ್ನ ಹೆಸರು ಹೊತ್ತು ನಿಂತ ಆ ಹೆಂಗಸು ಎದೆಗೆ ಕಬ್ಬಿಣದ ಕವಚ ತೊಟ್ಟು ಕತ್ತಿ ಹಿಡಿದಿದ್ದಳು. ಹಣೆಯಲ್ಲಿ ಕುಂಕುಮವಿಲ್ಲ ಎಂದು ನಾನು ಆಡಲು ಒಪ್ಪಲಿಲ್ಲ. ಕುಂಕುಮ ಬಂತು. ನಮ್ಮತ್ತೆ ತಮಗೆ ಕವಚ ಬೇಡ, ಸೀರೆಯೇ ಬೇಕು, ಅದೂ ಕೆಂಪಂಚಿನದು ಎಂದರು. ಸೀರೆ ಬಂತು. ನನಗೆ ಎಡಗೈಯಿಂದ ಬೊಂಬೆ ನಡೆಸುತ್ತ ಬಲಗೈಯಿಂದ ಅದರ ನೋಟ ತಿರುಗಿಸುವ ವಿದ್ಯೆ ಇಂದಿಗೂ ಒಲಿದಿಲ್ಲ. ಅರಳಿಕಟ್ಟೆಗೆ ಎಂದು ಹೊರಟವಳು ನೇರವಾಗಿ ನಾಲೆಗೆ ಇಳಿಯುತ್ತೇನೆ. ತೂಬಿನ ಹತ್ತಿರ ಕಾಣಿಸುವ ಕುಂಕುಮದ ಹಣೆ ನನ್ನದೇ ಎಂದು ನೆಂಟರಿಗೆಲ್ಲ ಗುರುತಾಗಿಹೋಗಿದೆ.

ಮೇಲ್ಭಾಗದ ಗದ್ದೆ ನಮ್ಮ ಯಜಮಾನರಿಗೂ ಕೊನೆಯ ಗದ್ದೆ ನಮ್ಮಣ್ಣನಿಗೂ ಬಂತು. ಆಟದಲ್ಲಿ ಮೊದಲ ವಾರ ಇಬ್ಬರೂ ಮಕ್ಕಳ ಹಾಗೆ ಆಡಿಕೊಂಡಿದ್ದರು. ಎರಡನೆಯ ವಾರ ಅಣ್ಣ ಫೋನು ಮಾಡಿದ.

"ಏನವ್ವ ತಂಗಿ, ನಿನ್ ಗಂಡ ಆಟದಲ್ಲೂ ನಮ್ಗೆ ನೀರ್ ಬುಡಕಿಲ್ವಾ?"

ಇವರು ಪಕ್ಕದಿಂದಲೇ ಕೂಗಿದರು: "ನನ್ ಪೈರು ಒಣಗ್ತಾ ಅದೆ ಬಾವ, ನಿಂಗೆಲ್ಲಿಂದ ಬುಡ್ಲಿ?"

"ನಿಂದು ನಿಜವಾದ ಪೈರೇನಪ್ಪ ಒಣಗಾಕೆ?"

"ನಿಂದು ನಿಜವಾದ್ದಾ ಮತ್ತೆ, ನೀರ್ ಕೇಳಾಕೆ?"

ಇಬ್ಬರೂ ಮೂರು ದಿನ ಮಾತು ಬಿಟ್ಟರು. ಕೊನೆಗೆ ನಮ್ಮತ್ತೆ ಪಂಚಾಯಿತಿ ಮಾಡಿದರು. ಅವರ ಕಾಲದಲ್ಲಿ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ಎಂದು ಪಾಳಿ ಹಾಕಿ ತೂಬು ತೆಗೆಯುವವನು, ಮುಚ್ಚುವವನು ಅವನೊಬ್ಬನೇ. "ನೀರುಗಂಟಿ ಇಲ್ದಿದ್ ಊರು ಎಂಗಮ್ಮಿ ಮಾಡಿದ್ರಿ?" ಎಂದು ಹುಡುಗಿಯರನ್ನು ಗದರಿದರು. ಅವರಿಗೆ ಎದುರಾಡುವ ಧೈರ್ಯ ಮೇಲ್ಭಾಗದವರಿಗೂ ಇಲ್ಲ, ಕೊನೆಯ ಭಾಗದವರಿಗೂ ಇಲ್ಲವಾದ್ದರಿಂದ ನೀರುಗಂಟಿ ಕೆಲಸ ಅವರಿಗೇ ಬಂತು. ಓದು ಬಾರದ ನಮ್ಮತ್ತೆ ತೂಬಿನ ಗುರುತೊಂದನ್ನು ತಿಳಿದುಕೊಂಡು, ಮಾತಾಡುವ ಗುಂಡಿ ಒತ್ತಿಹಿಡಿದು, ದಿನವೂ ಊಟವಾದ ಮೇಲೆ ಇಡೀ ಆಟಕ್ಕೆ ಕೇಳುವ ಹಾಗೆ ಪಾಳಿ ಕೂಗುತ್ತಾರೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಊರಿನ ಎಲ್ಲೆಯಲ್ಲಿ ಹುಡುಗಿಯರು ದೊಡ್ಡದೊಂದು ಬಾಗಿಲಿಟ್ಟು, ಅದರ ಮುಂದೆ ಒಬ್ಬ ರಾಕ್ಷಸನನ್ನು ನಿಲ್ಲಿಸಿದ್ದರು. ಅವನನ್ನು ಹೊಡೆದು ಕೆಡವಿದರೆ ಬಾಗಿಲು ತೆರೆದು ಎರಡನೆಯ ಲೋಕ ಸಿಗುತ್ತದೆ, ಆಟ ಮುಂದುವರಿಯುತ್ತದೆ. ತಿಂಗಳುಗಟ್ಟಲೆ ಕೂತು ತಿದ್ದಿದ ರಾಕ್ಷಸ. ಗಿರಿಜಾ ಮೀಸೆ, ಹೊರಬಿದ್ದ ಕಣ್ಣು, ಹಣೆಯಲ್ಲಿ ಕೆಂಪು, ಕೈಯಲ್ಲಿ ಮಚ್ಚು. ಯಾರಾದರೂ ಹತ್ತಿರ ಹೋದರೆ ಮಚ್ಚೆತ್ತಿ ಗುಡುಗುತ್ತಾನೆ.

ನಮ್ಮತ್ತೆ ಮೊದಲ ಸಲ ಅವನನ್ನು ನೋಡಿದಾಗ ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. "ನಮ್ಮಪ್ಪ, ಮುನೇಸ್ವರ! ಮಕ್ಕಳು ಮರೀನ ಕಾಪಾಡಪ್ಪ!"

"ಅಜ್ಜಿ, ಅದು ರಾಕ್ಷಸ. ಹೊಡೀಬೇಕು," ಎಂದಳು ನಾಗಶ್ರೀ.

"ಬಾಯ್ ಮುಚ್ಚಮ್ಮಿ! ಊರೆಲ್ಲೆ ಕಾಯೋನ್ನ ಒಡೀತಾರಾ? ಇದ್ರಲ್ಲಿ ಕೋಳಿ ಕುಯ್ಯಾಕಂತೂ ಆಗಕಿಲ್ಲ, ಕೈನಾದ್ರೂ ಮುಗೀರಿ."

"ಅವನು ಗುಡುಗ್ತಾನೆ ನೋಡಜ್ಜಿ!"

"ಮೈಮ್ಯಾಲೆ ಬಂದದೆ, ಗುಡುಗ್ದೆ ಇರ್ತದಾ?"

ಸುದ್ದಿ ನೆಂಟರಲ್ಲೆಲ್ಲ ಹಬ್ಬಿತು. ನಮ್ಮ ಯಜಮಾನರು, ನಮ್ಮಣ್ಣ, ಅತ್ತಿಗೆ, ಮದ್ದೂರಿನ ಚಿಕ್ಕಮ್ಮ, ಯಾರೊಬ್ಬರೂ ಅವನ ಮೇಲೆ ಕೈ ಎತ್ತಲಿಲ್ಲ. ಕೈ ಎತ್ತುವುದಿರಲಿ, ಆಟದಲ್ಲಿ ಹೊಡೆಯುವ ಗುಂಡಿ ಇದೆ, ಕೈ ಮುಗಿಯುವ ಗುಂಡಿ ಏಕಿಲ್ಲ ಎಂದು ದೂರು ಬಂತು. ಚೈತ್ರ ಹಲ್ಲು ಕಚ್ಚಿಕೊಂಡು ಅದನ್ನೂ ಮಾಡಿಕೊಟ್ಟಳು. ಅಂದಿನಿಂದ ಆಟಕ್ಕೆ ಬಂದವರು ಮೊದಲು ಮುನೇಶ್ವರನಿಗೆ ಕೈ ಮುಗಿದು, ಆಮೇಲೆ ತೂಬಿನ ಹತ್ತಿರ ಜಗಳಕ್ಕೆ ಹೋಗುವುದು ರೂಢಿಯಾಯಿತು.

ಒಂದು ದಿನ ಚೈತ್ರಳ ತಲೆ ಬಾಚುತ್ತ ಕೇಳಿದೆ: "ಆ ಬಾಗ್ಲ ಹಿಂದೆ ಏನದೆ ಮಗಾ?"

"ಏನೂ ಇಲ್ಲಮ್ಮ."

"ಏನೂ ಇಲ್ದೆ ಇರ್ತದಾ? ಆರು ಲೋಕ?"

"ಎಲ್ಲಿ ಮಾಡ್ದೋ? ನಾಲೇನೇ ಆಯ್ತಲ್ಲ. ಹಿಂದುಗಡೆ ಬರೀ ನೀಲಿ. ಕಾಲಿಟ್ಟೋರು ಬೀಳ್ತಾರೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಬೀಳ್ತಾನೇ ಇರ್ತಾರೆ."

ಬಾಚಣಿಗೆ ಕೈಯಲ್ಲೇ ನಿಂತಿತು. ನಮ್ಮಣ್ಣ, ನಮ್ಮ ಯಜಮಾನರು, ಮಂಡಿನೋವಿನ ಚಿಕ್ಕಮ್ಮ ಎಲ್ಲ ಸಾಲಾಗಿ ಆ ನೀಲಿಯಲ್ಲಿ ಬೀಳುತ್ತಿರುವುದು ಕಣ್ಣಿಗೆ ಕಟ್ಟಿತು. ಒಂದೇ ಒಂದು ಮಚ್ಚು ಹಿಡಿದು ಅವರನ್ನೆಲ್ಲ ಈಚೆಗೇ ತಡೆದು ನಿಂತಿದ್ದಾನಲ್ಲ, ಅವನನ್ನು ಮುನೇಶ್ವರ ಅನ್ನದೆ ಇನ್ನೇನನ್ನಲಿ? ಅವತ್ತಿನಿಂದ ನಾನೂ ಆಟಕ್ಕೆ ಹೋದಾಗ ಅವನಿಗೆ ಮನಸಾರೆ ಕೈ ಮುಗಿದೇ ನಾಲೆಗೆ ಬೀಳುವುದು.

ಆದರೆ ನೆಂಟರ ಆಟ ಎಷ್ಟು ದಿನ? ಯಾರು ಬೇಕಾದರೂ ಬಂದು ಆಡಲಿ ಎಂದು ಹುಡುಗಿಯರು ಆಟವನ್ನು ಎಲ್ಲರಿಗೂ ತೆರೆದಿಟ್ಟಿದ್ದರು. ಹೊರಗಿನವರ ಪೈಕಿ ಒಂದು ನರಪಿಳ್ಳೆಯೂ ಬರಲಿಲ್ಲ. ದೀಪಾವಳಿ ಹೊತ್ತಿಗೆ ಚೈತ್ರ ಮಂಕಾದಳು. ಮೊದಲು ಲೋಕ, ಲಕ್ಷ ಎಂದು ಅನ್ನ ಆರುವವರೆಗೂ ಮಾತಾಡುತ್ತಿದ್ದವಳು ಈಗ ತಟ್ಟೆ ನೋಡಿಕೊಂಡು ಉಂಡು ಏಳುತ್ತಿದ್ದಳು. ನಾಗಶ್ರೀ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು.

"ಸಂಕ್ರಾಂತಿವರ್ಗೂ ನೋಡಾನ ಕಣೇ. ನೆಂಟ್ರಲ್ಲದೋರು ಒಬ್ರು, ಒಬ್ರೇ ಒಬ್ರು ಬಂದು, ನಾಳೇನೂ ಬತ್ತೀನಿ ಅಂದ್ರೆ ಮುಂದುವರ್ಸಾನ. ಇಲ್ದಿದ್ರೆ ಮುಚ್ಚಾನ. ನಾನು ಬ್ಯಾಂಕ್ ಪರೀಕ್ಷೆಗೆ ಓದ್ಕೋತೀನಿ."

"ಸರಿ," ಎಂದಳು ಚೈತ್ರ. ಅಷ್ಟು ಸಣ್ಣ ದನಿಯೂ ಅವಳಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಲಕ್ಷ ಹೋಗಿ ಒಂದಾಯಿತು. ನನಗೆ ಗೊತ್ತಿರುವ ದಾರಿ ಒಂದೇ. ಕಾರ್ತಿಕದ ಕೊನೆಯ ಸೋಮವಾರ ಮದ್ದೂರಿನ ಬಸ್ಸು ಹಿಡಿದು ವೈದ್ಯನಾಥಪುರಕ್ಕೆ ಹೋದೆ. ಹಣ್ಣುಕಾಯಿ ತಟ್ಟೆ ಕೊಟ್ಟಾಗ ಅರ್ಚಕರು, "ಯಾರ ಹೆಸರಿಗಮ್ಮ?" ಎಂದರು.

"ಆಟದ ಹೆಸರಿಗೆ ಸ್ವಾಮಿ."

"ಆಟ ಅಂದರೆ ಮಗುವಿನ ಹೆಸರೇ?"

"ಮಗಳು ಮಾಡಿದ ಆಟ. ಫೋನಿನದು."

ಅವರು ಕನ್ನಡಕ ಏರಿಸಿಕೊಂಡು ನನ್ನನ್ನೊಮ್ಮೆ ನೋಡಿದರು. "ನಕ್ಷತ್ರ?"

ಹುಟ್ಟಿದ್ದು ಗೌರಿ ಹಬ್ಬದ ದಿನ, ನಮ್ಮನೆ ಅಂಗಳದಲ್ಲಿ, ಎಮ್ಮೆ ಬರುವ ಮುಂಚೆ ಎಂದೆ. ಅಷ್ಟರಿಂದ ಅವರೇ ಏನೋ ಗುಣಿಸಿಕೊಂಡರು. "ಇಲ್ಲಿಗೆ ಕಾಯಿಲೆಯವರು ಬರ್ತಾರಮ್ಮ. ಆಟಕ್ಕೇನು ಕಾಯಿಲೆ?"

"ಜನ ಬರ್ತಿಲ್ಲ ಸ್ವಾಮಿ."

"ಕೆಲವು ದೇವಸ್ಥಾನಕ್ಕೂ ಅದೇ ಕಾಯಿಲೆ ಇದೆ ತಾಯಿ," ಎಂದು ನಕ್ಕು, ಮನಸ್ಸಿಟ್ಟೇ ಅರ್ಚನೆ ಮಾಡಿದರು. ಲಕ್ಷ ಜನ ಕೇಳೋಣ ಎನ್ನಿಸಿತು. ವೈದ್ಯನಾಥನ ಮುಂದೆ ಆಸೆಬುರುಕಿಯ ಹಾಗೆ ನಿಲ್ಲುವುದು ಬೇಡ ಎಂದು ಒಬ್ಬರನ್ನೇ ಕೇಳಿದೆ.

ಆ ಒಬ್ಬರು ಮೊನ್ನೆ ಭಾನುವಾರ ಬಂದರು.

ಕೈಯ ಸಿಪ್ಪೆ ಒರೆಸಿಕೊಳ್ಳುತ್ತ ಕೋಣೆಗೆ ಓಡಿದೆ. ಅರಳಿಕಟ್ಟೆಯ ಮೇಲೆ ಹೊಸದೊಂದು ಬೊಂಬೆ ನಿಂತಿತ್ತು. ತಲೆಯ ಮೇಲೆ "ಹುಲಿ" ಎಂದು ಹೆಸರು. ಅತ್ತಿತ್ತ ನೋಡಿ, ಕಟ್ಟೆ ಇಳಿದು, ಕತ್ತಿ ಬೀಸುತ್ತ ಹೊರಟಿತು. ನೋಡನೋಡುತ್ತ ಚೈತ್ರಳ ಮುಖದ ಬಣ್ಣ ಇಳಿಯಿತು.

"ಅಮ್ಮ, ಬಾಗ್ಲ ಕಡೆ ಹೋಗ್ತಾ ಅವ್ರೆ."

ನನಗೂ ಆಗಲೇ ಹೊಳೆದದ್ದು. ಹುಲಿ ನಮ್ಮ ನೆಂಟನಲ್ಲ. ಮುನೇಶ್ವರನ ಒಕ್ಕಲೂ ಅಲ್ಲ. ಹೊಡೆಯುತ್ತಾನೆ! ಹೊಡೆದರೆ ಬಾಗಿಲು ತೆರೆಯುತ್ತದೆ, ಕಾಲಿಟ್ಟರೆ ನೀಲಿ. ಬಾರದೆ ಬಾರದೆ ಬಂದ ಅತಿಥಿಯನ್ನು ಬಾವಿಗೆ ತಳ್ಳಿದ ಹಾಗೆ. ಬಿದ್ದವನು ನಾಳೆ ಬರುತ್ತಾನೆಯೇ?

"ನಿಲ್ಸೇ!"

"ಆಗಲ್ಲಮ್ಮ! ನಿಲ್ಸಬೇಕಂದ್ರೆ ಆಟಾನೇ ಮುಚ್ಚಬೇಕು. ಮುಚ್ಚಿದ್ರೆ ಅವ್ರೂ ಹೋಗ್ತಾರೆ!"

ಅವಳು ನಾಗಶ್ರೀಗೆ ಫೋನು ಹಚ್ಚಿದಳು. ನಾನು ಗದ್ದೆಯಲ್ಲಿದ್ದ ಇವರಿಗೂ ಅಣ್ಣನಿಗೂ, ಇದ್ದ ಕೆಲಸ ಬಿಟ್ಟು ಆಟಕ್ಕೆ ಬನ್ನಿ ಎಂದು ಫೋನಿನಲ್ಲೇ ಕೂಗಿ ಹೇಳಿದೆ. ನನ್ನ ಬೊಂಬೆಯನ್ನು ಬಾಗಿಲ ಕಡೆ ಓಡಿಸಲು ಹೋದರೆ ಅವರೆಸೊಗಡಿನ ಒದ್ದೆ ಬೆರಳಿಗೆ ಫೋನು ಜಗ್ಗಲಿಲ್ಲ. ಜಗ್ಗಿದಾಗ ನಾನು ನಾಲೆಯಲ್ಲಿದ್ದೆ. ಅಷ್ಟರಲ್ಲಿ ನಡುಮನೆಯಿಂದಲೇ ನಮ್ಮತ್ತೆ ಗುಂಡಿ ಒತ್ತಿದ್ದರು.

"ಲೇ ಲೇ ಲೇ! ಯಾರ್ಲಾ ನೀನು? ಕತ್ತಿ ಕೆಳಗಿಡ್ಲಾ!"

"ಅತ್ತೆ, ಬಂದೋರ್ನ ಹಿಂಗಾ ಮಾತಾಡ್ಸೋದು?" ಎಂದು ನಾನು ಕೋಣೆಯಿಂದ ಕೂಗಿದ್ದೂ ಆಟದೊಳಗೆ ಹೋಯಿತು.

ಹುಲಿ ನಿಂತ. ಒಂದು ಗಂಡು ದನಿ ಬಂತು. "ನಮಸ್ಕಾರ್ರೀ ಅಜ್ಜಿ. ನಾ ಗದಗ ಕಡಿಯಾಂವ್ರೀ. ಈ ಮೀಸಿಯವನ್ನ ಹೊಡದ್ರ ಬಾಗಲಾ ತಗೀತೈತೇನ್ರಿ?"

"ಮೊದ್ಲು ಕೈ ಮುಗಿಯಪ್ಪ. ಊಟ ಆಯ್ತಾ?"

"ಇನ್ನೂ ಇಲ್ರೀ. ಟೈರ್ ಅಂಗಡ್ಯಾಗ ಕುಂತೀನಿ."

"ಉಣ್ದೆ ತಿನ್ದೆ ದೇವ್ರನ್ನ ಒಡ್ಯಾಕೆ ಬಂದ್ಬುಟ್ಯಾ? ಇತ್ಲಾಗ್ ಬಾ."

ಹುಲಿ ನಕ್ಕಿದ್ದು ಕೇಳಿಸಿತು. ಬೊಂಬೆ ಕೈ ಮುಗಿಯಿತು. ಚೈತ್ರ ನನ್ನ ತೋಳು ಹಿಡಿದ ಹಿಡಿತದಲ್ಲಿ ಬಳೆ ಒತ್ತಿ ಗುರುತಾಯಿತು. ಅಷ್ಟರಲ್ಲಿ ಇವರು ಗದ್ದೆಯಿಂದಲೇ ಆಟಕ್ಕೆ ಬಂದರು. ಹಿಂದೆ ನಿಜವಾದ ಗದ್ದೆಯ ಕೊಕ್ಕರೆಗಳ ಸದ್ದು. "ಬನ್ನಿ ಸಾಮಿ, ಆ ಬಾಗ್ಲಲ್ಲೇನದೆ, ನಮ್ ನಾಲೆ ತೋರಿಸ್ತೀನಿ ಬನ್ನಿ."

ಎತ್ತಲಿಂದಲೋ ಅಣ್ಣ ಓಡಿಬಂದ. "ನೋಡೋದಾದ್ರೆ ಕೊನೇವರ್ಗೂ ಬಂದ್ ನೋಡಿ ಸಾಮಿ. ಮೇಲ್ಗಡೆ ಮಾತ್ರ ನೋಡ್ಬುಟ್ಟು, ಆಹಾ ಚೆನ್ನಾಗದೆ ಅಂತ ಓಯ್ತಾರೆ ಎಲ್ರೂವೆ. ನಮ್ ಕಷ್ಟ ಯಾರೂ ನೋಡಕಿಲ್ಲ."

"ಬಂದೋರ್ ಮುಂದೂ ಅದೇ ರಾಗ ತೆಗೀಬ್ಯಾಡ ಬಾವ!"

"ನೀನ್ ನೀರ್ ಬುಡು, ನಾನ್ ರಾಗ ಬುಡ್ತೀನಿ."

ಇಬ್ಬರೂ ಹುಲಿಯನ್ನು ನಡುವೆ ಹಾಕಿಕೊಂಡು ಕಿತ್ತಾಡುತ್ತ ನಾಲೆಯ ಉದ್ದಕ್ಕೂ ನಡೆಸಿದರು. ದಾರಿಯಲ್ಲಿ ಅವನೊಮ್ಮೆ, "ನೀರಾಗ ಯಾರೋ ಹೆಣಮಗಳು ನಿಂತಾಳಲ್ರೀ," ಎಂದ. "ನಮ್ ತಂಗಿ. ಅವ್ಳು ಅಲ್ಲೇ ಇರೋದು," ಎಂದ ಅಣ್ಣ. ಬಾಗಿಲು ಹಿಂದೆ ಹಿಂದೆ ಸರಿದು ಚಿಕ್ಕದಾಯಿತು. ನನಗೆ ಉಸಿರು ಬಂತು.

ಕೊನೆಯ ಗದ್ದೆಯ ಹತ್ತಿರ ನಮ್ಮತ್ತೆ ಪಾಳಿ ಕೂಗಿ ತೂಬು ತೆಗೆದರು. ನೀರು ನಿಧಾನವಾಗಿ, ಒಣಗಿದ ಕಾಲುವೆಯನ್ನು ಒಂದೊಂದೇ ಮಾರು ಒದ್ದೆ ಮಾಡುತ್ತ ಬಂತು. ಆ ಇಳಿಜಾರು ಸರಿಮಾಡಲು ಎಷ್ಟು ಸಂಜೆ ಕಳೆದಿತ್ತೆಂದು ನಮಗೆ ಗೊತ್ತು. ಹುಲಿ ನಿಂತು ನೋಡಿದ.

"ಖರೇನ ಹರದು ಬರ್ತೈತಲ್ರೀ! ಇಂಥಾದ್ದು ಯಾವ ಆಟದಾಗೂ ನೋಡಿಲ್ರೀ ನಾ. ನಮ್ಮ ಹೊಲಕ್ಕ ಮಳಿ ಬಂದ್ರ ಉಂಟು, ಇಲ್ಲಂದ್ರ ಮುಗೀತ್ರಿ."

ಅಣ್ಣ ಕೂಡಲೇ ಕರಗಿಹೋದ. "ನಮ್ ಪಕ್ಕ ಒಂದ್ ತುಂಡು ಖಾಲಿ ಅದೆ ಸಾಮಿ. ಇಟ್ಕಳಿ, ಉತ್ಕಳಿ."

"ಕೊನೇ ಭಾಗಕ್ಕೆ ಜನ ಸೇರಿಸ್ಕೋತಾ ಇದ್ದೀಯಾ ಬಾವ?" ಎಂದರು ಇವರು ಅನುಮಾನದಿಂದ.

ಆಗ ಅಲ್ಲೆಲ್ಲೋ ಗದಗದ ಕಡೆ ಗಾಡಿಯ ಹಾರ್ನ್ ಸದ್ದು ಕೇಳಿಸಿತು. "ಗಿರಾಕಿ ಬಂದ್ರೀ, ಹೋಗ್ತೀನ್ರೀ," ಎಂದ ಹುಲಿ.

ನಾಳೆ ಬನ್ನಿ ಎಂದು ಬಾಯಿ ಬಿಟ್ಟು ಕೇಳಿದರೆ ಕೇಳಿ ಕರೆಸಿಕೊಂಡ ಹಾಗಾಗುತ್ತದೆ, ಅದು ಲೆಕ್ಕಕ್ಕಿಲ್ಲ ಎಂದು ಚೈತ್ರ ನನ್ನ ಬಾಯಿಗೆ ಕೈ ಅಡ್ಡ ಇಟ್ಟಿದ್ದಳು. ಬೊಂಬೆ ಮಸುಕಾಗತೊಡಗಿತು. ಮಸುಕಾದದ್ದು ಮತ್ತೆ ಗಟ್ಟಿಯಾಗಿ ನಿಂತಿತು.

"ಅಜ್ಜಿ, ನಾಳೆ ನನ್ನ ಪಾಳಿ ಎಷ್ಟೊತ್ತಿಗ್ರೀ?"

"ಕೊನೇ ಭಾಗ, ಮಧ್ಯಾಹ್ನದ್ ಮ್ಯಾಲೆ," ಎಂದರು ನಮ್ಮತ್ತೆ, ದಿನವೂ ಹೇಳುವ ಹಾಗೆಯೇ. "ತಡ ಮಾಡ್ಬ್ಯಾಡಪ್ಪ. ಪಾಳಿ ತಪ್ಪುದ್ರೆ ನಾನ್ ಕಾಯಕಿಲ್ಲ."

"ಬರ್ತೀನ್ರೀ," ಎಂದು ಹುಲಿ ಹೋದ.

ಫೋನಿನ ಆ ಕಡೆ ನಾಗಶ್ರೀ ಕಿರುಚಿದ ಕಿರುಚಿಗೆ ಹೊಸಿಲ ಮೇಲಿನ ಕೋಳಿ ಹಾರಿಹೋಯಿತು. ಚೈತ್ರ ನನ್ನನ್ನು ಅಪ್ಪಿ, ಅಜ್ಜಿಯನ್ನು ಎಬ್ಬಿಸಿ ಕುಣಿಸಿ, ಅವರ ಮಡಿಲಲ್ಲಿದ್ದ ಬೇಳೆಯನ್ನೆಲ್ಲ ನೆಲಕ್ಕೆ ಚೆಲ್ಲಿದಳು. ಅದಕ್ಕೆ ಬೈಸಿಕೊಂಡದ್ದೂ ಅವಳಿಗೆ ಕೇಳಿಸಲಿಲ್ಲ.

"ಏನೇ, ಈಗ ಆ ಬಾಗ್ಲು?" ಎಂದಳು ನಾಗಶ್ರೀ, ಇಬ್ಬರಿಗೂ ಉಸಿರು ತಿರುಗಿದ ಮೇಲೆ.

"ಮುನೇಶ್ವರ ಇರ್ಲಿ ಬುಡೇ. ಕೈ ಮುಗಿದೋರಿಗೆ ಬಾಗ್ಲು ತೆಗಿಯೋ ಹಂಗೆ ಮಾಡಾನ. ಹಿಂದೆ ಇನ್ನೊಂದು ಊರು. ಲೋಕ ಅಲ್ಲ ಕಣೇ, ಊರು. ಒಂದೇ."

"ಒಂದೇನಾ?"

"ಮೊದ್ಲು ಒಂದು," ಎಂದಳು ಚೈತ್ರ. ಹಾಗೆ ಹೇಳುವಾಗ ಅವಳ ಮುಖದಲ್ಲಿ ಸೋತ ಕಳೆ ಹುಡುಕಿದೆ, ಕಾಣಲಿಲ್ಲ. "ಹಸಿವಾಗ್ತಾ ಅದೆ ಅಮ್ಮ," ಎಂದಳು. ದೀಪಾವಳಿಯಿಂದೀಚೆಗೆ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ವೈದ್ಯನಾಥ ನಾನು ಕೇಳಿದ್ದನ್ನು ಕೊಟ್ಟ. ಕೇಳದ ಇದನ್ನೂ ಜೊತೆಗಿಟ್ಟು ಕೊಟ್ಟ.

ಆ ಗದಗದ ಹುಡುಗ ಉಣ್ಣದೆ ಎದ್ದು ಹೋದನಲ್ಲ ಎಂಬುದೊಂದೇ ಕೊರಗು ಉಳಿಯಿತು. ನಾಳೆ ಬಂದಾಗ ಮೊದಲು ಅದನ್ನೇ ವಿಚಾರಿಸಬೇಕು ಎಂದುಕೊಂಡು, ಅಡುಗೆಮನೆಗೆ ಹೋಗಿ ಮುದ್ದೆಗೆ ಎಸರಿಟ್ಟೆ.